ಯಾವ ಭರತ, ಯಾರ ಭರತ

ತೊಟ್ಟಿಲಿನ ಹಗ್ಗ ಹರಿಯಬಹುದಿತ್ತು. ಹಗ್ಗ ಗಟ್ಟಿಯಿದ್ದರೆ ತೊಲೆಗೆ ಹೊಡೆದ ಕೊಂಡಿ ಕಿತ್ತು ಬರಬಹುದಿತ್ತು. ಕೊಂಡಿಯೂ ತಡೆದರೆ, ತೂಗುವ ಹೆಂಗಸರ ಉಮೇದಿಗೆ ಕೂಸೇ ಆಚೆ ಬದಿಯಿಂದ ಹಾರಿ ಬೀಳಬಹುದಿತ್ತು. ಗುಗ್ಗರಿ ಹಳಸಬಹುದಿತ್ತು. ನಿಪ್ಪಾಣಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಮಗುಚಿ, ರಸ್ತೆ ಬಂದಾಗಿ, ಕೊಲ್ಲಾಪುರದಿಂದ ಹೊರಟ ನಾವೆಲ್ಲ ಅಲ್ಲೇ ಕಬ್ಬು ತಿನ್ನುತ್ತ ಕೂತಿರಬಹುದಿತ್ತು. ಬಲೂನು ಒಡೆದ ಸದ್ದಿಗೆ ಬೀಗರ ಎಮ್ಮೆ ಬೆದರಿ ಹಂದರದೊಳಗೆ ನುಗ್ಗಬಹುದಿತ್ತು. ಕೂಸಿಗೆ ಜ್ವರ, ಸೊಸೆಗೆ ಅಳು, ನನಗೆ ಬಿಪಿ ಬರಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ದಾಜಿ ಬರದೆ ಇರಬಹುದಿತ್ತು. ಅಥವಾ ದಾಜಿ ಬರಬಹುದಿತ್ತು, ಅದು ಇನ್ನೂ ಕಷ್ಟ.

ಕಡೆಯದೊಂದು ಬಿಟ್ಟರೆ ಇದರಲ್ಲಿ ಒಂದೂ ಆಗಲಿಲ್ಲ. ಆಗದೆ ಹೋದವುಗಳ ಸಲುವಾಗಿ ನಾನು ಪಟ್ಟ ಕಳವಳ ಮಾತ್ರ ಸಂಪೂರ್ಣ ಆಗಿತ್ತು. ಇವತ್ತು ಕಪಾಟಿನ ಮೇಲಿನ ಧೂಳು ಹೊಡೆಯುವಾಗ ಥರ್ಮಾಕೋಲಿನ ಒಂದು ‘ಭ’ ನನ್ನ ತಲೆಯ ಮೇಲೆ ಬಿತ್ತು. ಹತ್ತಿಯಷ್ಟು ಹಗುರದ ಅಕ್ಷರ. ಆದರೂ ಎದೆ ಧಸಕ್ಕೆಂದಿತು. ಮೊಮ್ಮಗನ ಬಾರಸೆಯ ದಿನದ್ದು ಅದು. ಬಾರಸೆ ಅಂದರೆ ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಆ ದಿನ ತಿಂದ ಧಕ್ಕೆ ಇನ್ನೂ ಮೈಯಲ್ಲಿ ಉಳಿದಿದೆ ಅಂತ ಗೊತ್ತಾದದ್ದು ಈ ‘ಭ’ ಬಿದ್ದ ಮೇಲೆ.

ಮೊದಲು ನನ್ನ ಹೆಸರು ಹೇಳಿಬಿಡುತ್ತೇನೆ. ಕಾಕಾಸಾಹೇಬ. ನಗಬೇಡಿ. ನಮ್ಮ ಭಾಗದ ಹೆಸರುಗಳು ಹೀಗೇ. ಅಣ್ಣಾಸಾಹೇಬ, ಅಪ್ಪಾಸಾಹೇಬ, ಬಾಬಾಸಾಹೇಬ, ಮಾಮಾಸಾಹೇಬ. ಬೇರೆ ಕಡೆ ಮನುಷ್ಯನಿಗೆ ಮೊದಲು ಹೆಸರಿಟ್ಟು ಆಮೇಲೆ ಸಂಬಂಧ ಹಚ್ಚುತ್ತಾರೆ. ನಮ್ಮಲ್ಲಿ ಸಂಬಂಧವನ್ನೇ ಹೆಸರಾಗಿ ಇಟ್ಟುಬಿಡುತ್ತಾರೆ. ನಾನು ತೊಟ್ಟಿಲಲ್ಲೇ ಕಾಕಾ ಆದವನು. ಶಾಲೆಯಲ್ಲಿ ಬಿಳಿ ಮೀಸೆಯ ಮಾಸ್ತರರೂ ನನ್ನನ್ನು ‘ಕಾಕಾ, ಬೆಂಚ ಮ್ಯಾಲ ನಿಂದರು’ ಅಂತಲೇ ಕರೆಯುತ್ತಿದ್ದರು. ಹುಟ್ಟುತ್ತಲೇ ಚಿಕ್ಕಪ್ಪನಾದವನಿಗೆ ಬಾಲ್ಯ ಎಲ್ಲಿಂದ ಬರಬೇಕು? ಕಳವಳವೊಂದೇ ಬಂತು.

ಆ ಮಾಸ್ತರರು ಇತಿಹಾಸ ಕಲಿಸುತ್ತಿದ್ದರು. ಇತಿಹಾಸದ ಮೊದಲ ಧಕ್ಕೆ ನನಗೆ ಅಲ್ಲೇ ಆದದ್ದು. ಒಂದೇ ಹೆಸರಿನ ಇಬ್ಬರು ಸಾಮ್ರಾಟರು ಇದ್ದರಲ್ಲ. ಒಬ್ಬ ಕಿರೀಟ ಬಿಟ್ಟು ಬೆಳಗೊಳದ ಬೆಟ್ಟ ಹತ್ತಿ ಉಪವಾಸದಲ್ಲಿ ದೇಹ ಇಟ್ಟವನು, ಇನ್ನೊಬ್ಬ ಎಷ್ಟೋ ನೂರು ವರ್ಷ ಆದಮೇಲೆ ಬಂದವನು. ಹೆಸರು ಹೇಳುವುದಿಲ್ಲ, ನಿಮಗೆ ಗೊತ್ತೇ ಇದೆ. ನಾನು ಜೈನರ ಮನೆಯ ಹುಡುಗ, ನನಗೆ ಗೊತ್ತಿದ್ದವನು ಬೆಟ್ಟದವನೊಬ್ಬನೇ. ಪರೀಕ್ಷೆಯಲ್ಲಿ ಎರಡನೆಯವನ ಯುದ್ಧಗಳನ್ನೆಲ್ಲ ಮೊದಲನೆಯವನ ತಲೆಗೆ ಕಟ್ಟಿದೆ. ಮಾಸ್ತರರು ವರ್ಗದ ಮುಂದೆ ಓದಿದರು: ‘ಕಾಕಾ, ಸಲ್ಲೇಖನಾ ತಗೊಂಡ ಮುದುಕನ್ನ ಕುದುರಿ ಹತ್ತಿಸಿ ದಂಡಿಗೆ ಕಳಸೀಯಲ್ಲೋ. ಏನ ಪಾಪ ಮಾಡಿದ್ದ ಆಂವಾ ನಿನಗ?’ ಅವತ್ತಿನಿಂದ ಒಂದು ಭಯ ನನ್ನೊಳಗೆ ಕೂತಿದೆ. ಹೆಸರು ಒಂದೇ ಇದ್ದಲ್ಲಿ ಮನುಷ್ಯ ತಪ್ಪುತ್ತಾನೆ. ಕೊಲ್ಲಾಪುರದಲ್ಲಿ ಇದ್ದು ಈ ಭಯ ಹೋಗುವುದಾದರೂ ಹೇಗೆ? ನಮ್ಮೂರಿನ ಗಾದಿಯ ಮೇಲೆ ಎರಡು ಮೂರು ಹೆಸರುಗಳೇ ತಿರುಗಿ ತಿರುಗಿ ಬಂದು ಕೂತಿವೆ. ಅವರು ರಾಜರು, ಬೆನ್ನಿಗೆ ಒಂದನೆಯವ ಎರಡನೆಯವ ಅಂತ ನಂಬರು ಹಚ್ಚಿಕೊಳ್ಳುತ್ತಾರೆ. ನಮ್ಮಂಥವರಿಗೆ ಆ ಅನುಕೂಲ ಇಲ್ಲ.

ದಾಜಿಗೆ ಇರಲಿಲ್ಲ. ಅದೇ ಎಲ್ಲದರ ಮೂಲ.

ದಾಜಿ ಅಂದರೆ ನನ್ನ ಅಕ್ಕನ ಗಂಡ. ಅಕ್ಕನ ಗಂಡನನ್ನು ನಾವು ಕರೆಯುವುದೇ ಹಾಗೆ. ಇಚಲಕರಂಜಿಯಲ್ಲಿ ಮಗ್ಗಕ್ಕೆ ಬೇಕಾಗುವ ಬಿಡಿಭಾಗಗಳ ಸಣ್ಣ ಅಂಗಡಿ. ಹೆಸರು ಅಣ್ಣಾಸಾಹೇಬ. ಅಡ್ಡಹೆಸರು ಬರೆದರೆ ಆ ಊರಿನ ಅರ್ಧ ಪೇಟೆ ಎದ್ದು ‘ನಾನs’ ಅಂತ ಬಂದೀತು, ಬರೆಯುವುದಿಲ್ಲ. ಆ ಅರ್ಧ ಪೇಟೆಯಲ್ಲಿ ಒಬ್ಬ ಬಹಳ ದೊಡ್ಡ ಅಣ್ಣಾಸಾಹೇಬರು ಇದ್ದಾರೆ. ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ದಾಜಿಯವೇ. ಮಗ್ಗಗಳ ಒಡೆಯರು, ಸಂಸ್ಥೆಗಳ ಅಧ್ಯಕ್ಷರು, ಪ್ರತಿ ಚೌಕದ ಬ್ಯಾನರಿನಲ್ಲಿ ಕೈ ಮುಗಿದು ನಿಂತವರು. ಅವರ ಹುಟ್ಟುಹಬ್ಬದ ದಿನ ದಾಜಿಯ ಫೋನು ಬೆಳಗಿನಿಂದ ಬಡಿದುಕೊಳ್ಳುತ್ತದೆ. ದಾಜಿ ಮೊದಮೊದಲು ‘ಅವರು ನಾನಲ್ರಿ’ ಅನ್ನುತ್ತಿದ್ದರು. ಆಮೇಲೆ ಸಾಕಾಗಿ ‘ಆಭಾರಿ ಆಹೆ’, ಋಣಿಯಾಗಿದ್ದೇನೆ, ಅಂದು ಇಟ್ಟುಬಿಡುತ್ತಿದ್ದರು. ಒಮ್ಮೆ ರಕ್ತ ತಪಾಸಿಸಲು ಹೋದಾಗ ಹೆಸರು ಕೇಳುತ್ತಲೇ ಅಲ್ಲಿಯ ಹುಡುಗಿ ಎದ್ದು ನಿಂತು, ಮುಖ ನೋಡಿ, ಮತ್ತೆ ಕೂತಳಂತೆ. ‘ಆಕೀ ಕೂತದ್ದ ನನಗ ಸೂಜಿಕಿಂತ ಜಾಸ್ತಿ ಚುಚ್ಚತ ನೋಡ’ ಅಂತ ದಾಜಿ ನನ್ನ ಹತ್ತಿರ ಹೇಳಿದ್ದರು. ಹೇಳುವಾಗ ನಕ್ಕಿದ್ದರು. ಆಗ ನಾವು ಮಾತಾಡುತ್ತಿದ್ದೆವು.

ಮಾತು ನಿಂತದ್ದು ನನ್ನ ಮಗ ಪ್ರವೀಣನ ಮದುವೆಯಲ್ಲಿ. ಸೊಸೆ ಗಡಹಿಂಗ್ಲಜದ ಲಿಂಗಾಯತರ ಮನೆಯ ಹುಡುಗಿ. ಇಬ್ಬರೂ ಕೂಡಿ ಕಲಿತವರು, ತಾವೇ ಮೆಚ್ಚಿಕೊಂಡವರು. ಎರಡು ಪಂಗಡದ ಮದುವೆ ಅಂದಮೇಲೆ ಮಾನಪಾನದಲ್ಲಿ ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗಬಾರದು ಅಂತ ನಾನು ಗ್ಯಾಸಿನ ಸಿಲಿಂಡರಿನಿಂದ ಚಪ್ಪಲಿ ಕಾಯುವವನ ತನಕ ಎಲ್ಲ ತಪಾಸಿಸಿದ್ದೆ. ಹಿರಿಯರನ್ನು ವೇದಿಕೆಗೆ ಕರೆದು ಫೇಟಾ ಸುತ್ತುವ ಹೊತ್ತು ಬಂತು. ಮೈಕಿನವನು ಕೂಗಿದ: ‘ಇಚಲಕರಂಜೀಚೆ ಶ್ರೀ ಅಣ್ಣಾಸಾಹೇಬ...’ ದಾಜಿ ಎದ್ದರು. ಅಂಗಿಯ ಕಾಲರು ಸರಿ ಮಾಡಿಕೊಂಡು, ಕೂದಲ ಮೇಲೆ ಕೈ ಆಡಿಸಿ, ಮೆಟ್ಟಿಲಿನ ತನಕ ಹೋದರು. ಅದೇ ಹೊತ್ತಿಗೆ ಮುಂದಿನ ಸೋಫಾದಿಂದ ದೊಡ್ಡ ಅಣ್ಣಾಸಾಹೇಬರು ಎದ್ದರು. ಅವರು ಬೀಗರ ಕಡೆಯಿಂದ ಬಂದಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಫೇಟಾ ಅವರ ತಲೆಗೆ ಹೋಯಿತು. ಮೆಟ್ಟಿಲ ಮೇಲೆ ಬರಿದಲೆಯಲ್ಲಿ ನಿಂತಿದ್ದ ದಾಜಿಗೆ ಫೋಟೋದವನು, ‘ಕಾಕಾ, ಜರಾ ಬಾಜೂಲಾ ವ್ಹಾ’ ಅಂದ. ಸರಿದು ನಿಲ್ಲಬೇಕಂತೆ, ಫೋಟೋದಲ್ಲಿ ಅಡ್ಡ ಬರುತ್ತಾರಂತೆ.

ದಾಜಿ ಊಟ ಮಾಡದೆ ಹೊರಟರು. ನಾನು ಹಿಂದೆ ಓಡಿದೆ. ಗಾಡಿಯ ಬಾಗಿಲು ಹಾಕಿಕೊಳ್ಳುತ್ತ ಒಂದೇ ಮಾತು ಅಂದರು: ‘ಕಾಕಾಸಾಹೇಬ, ಹೆಸರ ಒಂದ ಇದ್ರೂ ತಲಿ ಒಂದ ಇರಂಗಿಲ್ಲ.’

ಅದಾದ ಮೇಲೆ ದಾಜಿ ನನ್ನ ಹೊಸ್ತಿಲನ್ನೂ ತುಳಿಯಲಿಲ್ಲ, ಬೀಗರ ಹೊಸ್ತಿಲನ್ನೂ ತುಳಿಯಲಿಲ್ಲ. ಅಕ್ಕನನ್ನು ಅವರು ತಡೆಯಲಿಲ್ಲ. ‘ನೀ ಹೋಗ, ನಾ ಬರಂಗಿಲ್ಲ’ ಅಂದರು ಅಷ್ಟೆ. ಆದರೆ ನಮ್ಮ ಅಕ್ಕ ಗಂಡನನ್ನು ಬಿಟ್ಟು ಒಬ್ಬಳೇ ತವರಿಗೆ ಬರುವವಳಲ್ಲ. ಪಂಚಮಿಗೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ. ಅವ್ವ ಹೋದಮೇಲೆ ನನಗೆ ತವರು ಅನ್ನುವ ಮಾತು ಕೇಳಿಸುತ್ತಿದ್ದದ್ದು ಅಕ್ಕನ ಬಾಯಲ್ಲೇ. ಫೋನಿನಲ್ಲಿ ‘ಮತ್ತ ಆರಾಮ ಅದೀಯಿಲ್ಲೋ’ ಅಂತ ಕೇಳುವಳು, ಹಿಂದುಗಡೆ ದಾಜಿಯ ಕೆಮ್ಮು ಕೇಳಿಸುತ್ತಲೇ ಇಡುವಳು.

ಹೀಗಿರುವಾಗ ಮೊಮ್ಮಗ ಹುಟ್ಟಿದ. ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ಪ್ರವೀಣನಿಗೆ ಅಕ್ಕತಂಗಿಯರಿಲ್ಲ. ಅವನ ಹೆಸರನ್ನು ಅವನ ಕಿವಿಯಲ್ಲಿ ಹೇಳಿದವಳು ನನ್ನ ಅಕ್ಕ, ಅವನ ಮಗನದನ್ನು ಹೇಳಬೇಕಾದವಳೂ ಅವಳೇ. ಅಕ್ಕನಿಗೆ ಮಕ್ಕಳಿಲ್ಲ. ಆ ಹಕ್ಕು ಬಿಟ್ಟರೆ ಬೇರೆ ಯಾವ ಹಕ್ಕನ್ನೂ ಅವಳು ಈ ಮನೆಯಲ್ಲಿ ಕೇಳಿದವಳಲ್ಲ. ಫೋನು ಮಾಡಿದೆ. ‘ಬರತೇನಿ. ನಮ್ಮವರು ಬಾಗಲತನಾ ಬಿಡತಾರಂತ’ ಅಂದಳು. ಬಾಗಿಲ ತನಕ. ಬಾಗಿಲಿನ ಒಳಗೆ ಅವರನ್ನು ಹೇಗೆ ತರುವುದು ಅನ್ನುವುದೇ ಅಲ್ಲಿಂದ ಮುಂದೆ ನನ್ನ ರೋಗವಾಯಿತು. ತಂದರೆ ಅಕ್ಕ ಮತ್ತೆ ಪಂಚಮಿಗೆ ಬರುತ್ತಾಳೆ. ತರದಿದ್ದರೆ ಇದೇ ಕಡೆಯ ಬರುವಿಕೆ.

ಈ ನಡುವೆ ಹೆಸರಿನ ಕೆಲಸ ಬೇರೆ. ಮಗ ಸೊಸೆ ಕೂಡಿ ಮೊಬೈಲಿನಿಂದ ಕೆಲವು ಹೆಸರು ಆರಿಸಿದ್ದರು. ಬಾರಸೆಯ ತನಕ ಯಾರಿಗೂ ಹೇಳಬಾರದು, ಪರದೆ ಸರಿಸಿ ತೋರಿಸುವುದೇ ಈಗಿನ ರೀತಿ ಅಂದರು. ನನಗೆ ಹೇಳದಿದ್ದರೆ ನಾನು ಊಟ ಬಿಡುತ್ತೇನೆ ಅಂತ ಗೊತ್ತಿದ್ದರಿಂದ ನನಗೂ ನಮ್ಮಾಕೆಗೂ ಮಾತ್ರ ಹೇಳಿದರು.

ನಾನು ಶಿರೋಳಿಯ ಒಂದು ಫೌಂಡ್ರಿಯಲ್ಲಿ ಮೋಟಾರು ಗಾಡಿಗಳಿಗೆ ಹೋಗುವ ಎರಕದ ತುಂಡುಗಳನ್ನು ತಪಾಸಿಸುವವನು. ಸಣ್ಣ ಸುತ್ತಿಗೆಯಿಂದ ಬಡಿದರೆ ಒಳ್ಳೆಯ ತುಂಡು ‘ಠಣ್’ ಅನ್ನುತ್ತದೆ, ಒಳಗೆ ಬಿರುಕಿದ್ದರೆ ‘ಥಪ್’ ಅನ್ನುತ್ತದೆ. ಹೆಸರುಗಳನ್ನೂ ಹಾಗೇ ಬಡಿದು ನೋಡತೊಡಗಿದೆ: ಈ ಹೆಸರನ್ನು ಹಿಂದೆ ಯಾರ್ಯಾರು ಇಟ್ಟುಕೊಂಡಿದ್ದರು? ನೋಡುತ್ತ ಹೋದಂತೆ ಹೌಹಾರಿದೆ. ಲೋಕದಲ್ಲಿ ಒಂದು ಹೆಸರೂ ಗಟ್ಟಿ ಇಲ್ಲ ಮಾರಾಯರೇ. ಒಂದು ಹೆಸರು ದಯಾಳು ರಾಜನದು ಅಂತ ಖುಷಿಪಟ್ಟೆ. ಅದೇ ಹೆಸರಿನ ಅವನ ಮೊಮ್ಮಗ ಅಪ್ಪನನ್ನೇ ಸೆರೆಗೆ ಹಾಕಿದ್ದ. ಇನ್ನೊಂದು ಹೆಸರಿನವನು ಆಕಾಶದ ಗ್ರಹಗಳನ್ನು ಅಳೆದ ಜಾಣ. ಆದರೆ ನಮ್ಮ ಓಣಿಯಲ್ಲಿ ಮಟಕಾ ಬರೆಯುತ್ತಿದ್ದವನ ಹೆಸರೂ ಅದೇ. ಮೂರನೆಯದು ಒಬ್ಬ ಮುನಿಯದು, ಒಬ್ಬ ದರೋಡೆಕೋರನದು, ಮತ್ತು ನನ್ನ ಸಾಹೇಬರದು. ಬೇರೆ ಇಬ್ಬರನ್ನು ಒಪ್ಪಬಹುದಿತ್ತೇನೋ.

ಕಡೆಗೆ ಉಳಿದದ್ದು ಭರತ.

ಬಡಿದೆ. ಠಣ್ ಅಂತು. ಮತ್ತೆ ಬಡಿದೆ. ಎಷ್ಟು ಜನ ಭರತರಪ್ಪಾ! ಅಣ್ಣನ ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ತಾನು ನೆಲದ ಮೇಲೆ ಮಲಗಿದವನು ಒಬ್ಬ. ಕಾಡಿನಲ್ಲಿ ಸಿಂಹದ ಮರಿಯ ಬಾಯಿ ತೆರೆದು ಹಲ್ಲು ಎಣಿಸಿದ ಪೋರ ಒಬ್ಬ. ನಾಟ್ಯ ಕಲಿಸಿದ ಮುನಿ ಒಬ್ಬ. ರಾಜ್ಯ ಬಿಟ್ಟು ತಪಸ್ಸಿಗೆ ಕೂತು, ಒಂದು ಜಿಂಕೆಮರಿಯ ಮೇಲೆ ಜೀವ ಇಟ್ಟು, ಮುಂದಿನ ಜನ್ಮದಲ್ಲಿ ಜಿಂಕೆಯಾಗಿ ಹುಟ್ಟಿದವನು ಒಬ್ಬ. ಈ ಜಿಂಕೆಯವನನ್ನು ಓದಿದಾಗ, ಇಷ್ಟು ಕಳವಳ ಮಾಡುವ ನಾನು ಮುಂದಿನ ಜನ್ಮದಲ್ಲಿ ಏನಾಗಿ ಹುಟ್ಟುತ್ತೇನೋ ಅಂತ ಬೆವೆತೆ. ಆಮೇಲೆ ನಮ್ಮವನು, ನಾವು ಬಸದಿಯಲ್ಲಿ ಕೇಳಿ ಬೆಳೆದ ಚಕ್ರವರ್ತಿ. ತಮ್ಮ ತಲೆಬಾಗಲಿಲ್ಲ ಅಂತ ಒಡಹುಟ್ಟಿದವನ ಮೇಲೆಯೇ ಚಕ್ರ ಬಿಟ್ಟವನು.

ಅಲ್ಲಿ ನನಗೆ ‘ಥಪ್’ ಅಂತ ಕೇಳಿತು. ನಮ್ಮಾಕೆಗೆ ಹೇಳಿದೆ. ಆಕೆ ಮೆಂತೆಪಲ್ಯ ಸೋಸುತ್ತ, ‘ಆ ಚಕ್ರ ಹತ್ತಿತೇನ್ರಿ ತಮ್ಮಗ?’ ಅಂದಳು.

‘ಇಲ್ಲ. ಸುತ್ತು ಹಾಕಿ ಸುಮ್ಮನ ನಿಂತತ.’

‘ಮತ್ತ? ಬಿಟ್ಟ ಚಕ್ರಕ್ಕಿದ್ದ ಬುದ್ಧಿ ನಿಮಗಿಲ್ಲ. ಇಡ್ರಿ ಹೆಸರ.’

ಬೀಗರಿಗೆ ಪಾದುಕೆಯವನು ಸಾಕು, ನಮಗೆ ಚಕ್ರದವನು ಸಾಕು. ಒಂದೇ ಹೆಸರಿನಲ್ಲಿ ಎರಡೂ ಮನೆ ತಮ್ಮ ತಮ್ಮ ಭರತನನ್ನು ಕಂಡುಕೊಂಡಾರು. ಪಾಸು ಮಾಡಿದೆ. ಇಷ್ಟು ಯುಗಗಳ ಭರತರನ್ನೆಲ್ಲ ಸುತ್ತಿಗೆಯಿಂದ ಬಡಿದು ನೋಡಿದ್ದೇನೆ, ಇನ್ನು ಎಲ್ಲಿಯೂ ಬಿರುಕಿಲ್ಲ ಅಂದುಕೊಂಡೆ.

ಬಾರಸೆ ಗಡಹಿಂಗ್ಲಜದಲ್ಲಿ, ಸೊಸೆಯ ತವರಿನಲ್ಲಿ. ನಾವು ಮುಟ್ಟಿದ ಸ್ವಲ್ಪ ಹೊತ್ತಿಗೆ ದಾಜಿಯ ಗಾಡಿ ಬಂತು. ಗೇಟಿನ ಆಚೆ ಬೇವಿನ ನೆರಳಿಗೆ ನಿಂತಿತು. ಅಕ್ಕ ಒಬ್ಬಳೇ ಇಳಿದಳು. ಇಳಕಲ್ಲ ಸೀರೆ, ಕೈಯಲ್ಲಿ ಕೂಸಿಗೆ ಕುಂಚಿಗೆ. ನನ್ನ ಮುಖ ನೋಡಿ, ‘ಭಾಳ ಸೊರಗೀಯೋ’ ಅಂದು ಒಳಗೆ ಹೋದಳು. ಬೀಗರು ಕೈ ಮುಗಿಯುತ್ತ ಗಾಡಿಯ ಹತ್ತಿರ ಹೋದರು.

‘ಪಾವ್ಹಣ್ಯಾರ, ಒಳಗ ಬರ್ರಿ.’

‘ಇರ್ಲಿ ಬಿಡ್ರಿ. ಕಿಡಕಿ ಕಾಜ ಇಳಸೇನಿ, ಇಲ್ಲೆ ಚೊಲೋ ಗಾಳಿ ಐತಿ.’

ನಾನು ಹೋದೆ. ‘ದಾಜಿ, ಅವತ್ತ ಆದದ್ದ ಆಗಿಹೋತ್ರಿ. ಇವತ್ತ ನಾನs ನಿಂತು ನಿಮ್ಮನ್ನ ಹೆಸರ ಹಿಡದ ಕರಸ್ತೇನಿ.’

ದಾಜಿ ಸ್ಟಿಯರಿಂಗಿನ ಮೇಲೆ ಕೈ ಇಟ್ಟು ಎದುರಿಗೆ ನೋಡುತ್ತ ಅಂದರು: ‘ಯಾರರ ಅಣ್ಣಾಸಾಹೇಬ ಅಂತ ಕರದ್ರ ನಾ ಈಗ ಏಳಂಗಿಲ್ಲ. ಹಿಂದ ತಿರಗಿ ನೋಡತೇನಿ, ಯಾರ ಬಂದಾರ ಅಂತ. ರೂಢಿ ಆಗೇತಿ. ನೀ ಒಳಗ ಹೋಗ, ನಿನ್ನ ಮಮ್ಮಗನ ಕಾರ್ಯ ಐತಿ.’

ನಿಂತ ಕಾಲಲ್ಲೇ ನಾನು ಸೋತೆ. ಒಳಗೆ ಬಂದೆ.

ಪಡಸಾಲೆಯ ನಡುವೆ ತೊಟ್ಟಿಲು. ಗೋಡೆಗೆ ಥರ್ಮಾಕೋಲಿನ ಅಕ್ಷರ, ಅದರ ಮೇಲೆ ಹಳದಿ ಬಟ್ಟೆ. ನಾನು ತೊಟ್ಟಿಲಿನ ಕೊಂಡಿಯ ಕೆಳಗೆ, ಬಿದ್ದರೆ ಹಿಡಿಯುವ ತಯಾರಿಯಲ್ಲಿ ನಿಂತೆ. ಅಕ್ಕ ತೊಟ್ಟಿಲಿನ ಪಕ್ಕ ಮೊಣಕಾಲೂರಿ ಕೂತಳು. ಪದ್ಧತಿ ನಿಮಗೆ ಗೊತ್ತಲ್ಲ: ಸೋದರತ್ತೆ ಕೂಸಿನ ಕಿವಿಗೆ ಬಾಗಿ ‘ಕುರ್ರ್’ ಅಂದು ಹೆಸರು ಹೇಳಬೇಕು, ಹೇಳುತ್ತಲೇ ಸುತ್ತಲಿನ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ಎರಡೂ ಮನೆಯ ಹೆಂಗಸರು ಮುಷ್ಟಿ ಕಟ್ಟಿ ಸಜ್ಜಾದರು. ಪ್ರವೀಣ ಬಟ್ಟೆ ಎಳೆದ. ‘ಭರತ’. ಚಪ್ಪಾಳೆ. ಬೀಗರು, ‘ಪಾದುಕಾ ಪೂಜಿ ಮಾಡಿದಾಂವರಿ, ಭಾಳ ಚೊಲೋ ಹೆಸರ’ ಅಂತ ಎಲ್ಲರಿಗೂ ಹೇಳತೊಡಗಿದರು.

ಅಕ್ಕ ಅಕ್ಷರ ಓದಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಖದ ಬಣ್ಣ ಇಳಿಯಿತು.

‘ಹೇಳ್ರಿ ಅಕ್ಕಾರ, ಕೈ ನೋಯಾಕತ್ತಾವು’ ಅಂದಳು ಮುಷ್ಟಿ ಎತ್ತಿ ನಿಂತಿದ್ದ ನಮ್ಮಾಕೆ.

ಅಕ್ಕ ತಲೆ ಅಲ್ಲಾಡಿಸಿದಳು. ‘ನನ್ನ ಕೈಲಾಗಂಗಿಲ್ಲ. ಬ್ಯಾರೆ ಯಾರರ ಹೇಳ್ರಿ.’

ಎತ್ತಿದ ಮುಷ್ಟಿಗಳು ಎತ್ತಿದಲ್ಲೇ ನಿಂತವು. ನನ್ನ ತಲೆಗೆ ಹೊಳೆದದ್ದು ಒಂದೇ. ಚಕ್ರ, ಚಕ್ರದ ಭರತ! ಒಡಹುಟ್ಟಿದವರ ಜಗಳದ ಹೆಸರಿಟ್ಟು ತಮ್ಮ ನನ್ನನ್ನು ಚುಚ್ಚಿದ ಅಂದುಕೊಂಡಳು ಅಕ್ಕ, ಇನ್ನು ಇವಳೂ ಆ ಗಾಡಿಯಲ್ಲಿ ಹೋಗಿ ಕೂರುತ್ತಾಳೆ. ‘ಅಕ್ಕಾ, ಆ ಭರತ ಅಲ್ಲವಾ, ಇದು ಪಾದುಕಾದ ಭರತ. ಬ್ಯಾಡಂದ್ರ ಜಿಂಕಿ ಭರತ...’ ಅಂತ ತೊದಲಿದೆ.

ಗೋಡೆಗೆ ಒರಗಿ ಕೂತಿದ್ದ ಅಕಿವಾಟದ ಚಿಗವ್ವ ಆಗ ಬಾಯಿ ಬಿಟ್ಟಳು. ಅಕ್ಕನ ಮದುವೆ ಕೂಡಿಸಿದವಳು ಅವಳೇ. ‘ಏ ಹುಚ್ಚಾ, ಯಾ ಜಿಂಕಿನೋ ನಿಂದು? ಅದು ಆಕೀ ಗಂಡನ ಹೆಸರೋ. ತೊಟ್ಟಲದಾಗ ಇಟ್ಟಿದ್ದ ಹೆಸರ ಭರತ. ಅಣ್ಣಾಸಾಹೇಬ ಅಂತ ಕರಿಯಾಕ ಹತ್ತಿದ್ದ ಆಮ್ಯಾಲೆ. ಅವರವ್ವೊಬ್ಬಾಕಿ ಕಡೀತನಾ ಭರತಾ ಅಂತಿದ್ಲು. ಗಂಡನ ಹೆಸರ ಆಕೀ ಹೆಂಗ ಹಿಡದಾಳೋ?’

ಕೊಂಡಿ ಬಿದ್ದಿದ್ದರೂ ನನಗೆ ಇಷ್ಟು ಪೆಟ್ಟು ಆಗುತ್ತಿರಲಿಲ್ಲ. ಯುಗಯುಗಗಳ ಭರತರನ್ನು ಬಡಿದು ನೋಡಿದವನು, ಅಕ್ಕನ ಗಂಡನ ಹೆಸರು ನನಗೆ ಗೊತ್ತಿಲ್ಲ. ಮೂವತ್ತು ವರ್ಷ ಮೀರಿತು, ದಾಜಿ ದಾಜಿ ಅಂತ ಕರೆದು ಆ ಮನುಷ್ಯನಿಗೆ ಬೇರೆ ಹೆಸರೊಂದು ಇದ್ದೀತು ಅನ್ನುವ ಸಂಶಯವೂ ಬಂದಿಲ್ಲ. ಪುರಾವೆ ಏನು ಕಮ್ಮಿ ಇತ್ತೇ? ಕ್ರಿಕೆಟ್ಟಿನಲ್ಲಿ ಮನೆಮಂದಿಯೆಲ್ಲ ಮರಾಠಿಯಲ್ಲಿ ‘ಭಾರತ ಜಿಂಕಲಾ’ ಅಂತ ಕುಣಿದರೆ ಅಕ್ಕ ಒಬ್ಬಳೇ ‘ನಮ್ಮವರು ಗೆದ್ರು’ ಅನ್ನುತ್ತಿದ್ದಳು. ಎಂಥ ದೇಶಾಭಿಮಾನ ಅಂತ ನಾನು ಮೆಚ್ಚಿದ್ದೆ. ಗಂಡನ ಹೆಸರಿನ ನೆರಳು ಬಿದ್ದ ಮಾತನ್ನೂ ಅವಳು ಬಾಯಿಗೆ ತರುತ್ತಿರಲಿಲ್ಲ, ಅಷ್ಟೇ. ಬದನೇಕಾಯಿ ಸುಟ್ಟು ಮಾಡುವ ಭರ್ತಾ ಇದೆಯಲ್ಲ, ಅಕ್ಕನಿಗೆ ಅದು ಯಾವಾಗಲೂ ‘ಸುಟ್ಟ ಬದ್ನೀಕಾಯಿ’. ಅಡುಗೆಯವಳು ‘ಭರ್ತಾ ಮಾಡ್ಲೇನ್ರಿ’ ಅಂದರೆ ಅಕ್ಕನ ಕಿವಿ ಕೆಂಪಾಗುತ್ತಿತ್ತು. ಒಲೆಯ ಝಳ ಅಂದುಕೊಂಡಿದ್ದೆ. ನಾನು ತಪಾಸಣಿಗ! ಫೌಂಡ್ರಿಯಲ್ಲಿ ನನ್ನ ಸಹಿ ನಂಬಿ ಎಷ್ಟು ಗಾಡಿಗಳು ರಸ್ತೆಯಲ್ಲಿ ಓಡುತ್ತಿವೆಯೋ ನೆನೆದು ಇನ್ನಷ್ಟು ನಡುಗಿದೆ.

ಪ್ರವೀಣ ಮೆಲ್ಲಗೆ, ‘ಆತ್ಯಾ, ಹೆಸರ ಬದಲ್ ಮಾಡೂಣೇನ?’ ಅಂದ. ಸೊಸೆ ಕಣ್ಣು ತುಂಬಿಕೊಂಡಳು. ಬೀಗರ ಕಡೆಯ ಯಾರೋ, ‘ಅವರ ಬ್ಯಾಡಂದ್ರ ನಮ್ಮ ಹುಡಗಿ ಹೇಳತಾಳ, ಮುಹೂರ್ತ ಮೀರತೈತಿ’ ಅಂದರು. ಅಕ್ಕನ ಮುಖ ನೋಡಲಾಗಲಿಲ್ಲ ನನಗೆ. ಕೂಸಿನ ಕುಂಚಿಗೆಯನ್ನು ಮಡಿಲಲ್ಲಿ ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮಡಿಸುತ್ತಿದ್ದಳು. ಇದ್ದ ಒಂದೇ ಹಕ್ಕು ಹೀಗೆ ಕೈ ಬಿಟ್ಟು ಹೋಗುವುದಿತ್ತು. ಅದೂ ಗಂಡನ ಹೆಸರಿನ ಕಾರಣಕ್ಕೆ, ಅವರು ಹೊರಗೆ ಕೂತಿರುವಾಗ. ಇವತ್ತು ಅವಳು ಹೇಳದೆ ಎದ್ದರೆ ಮತ್ತೆ ಈ ಕಡೆ ಯಾವ ಮುಖ ಹೊತ್ತು ಬಂದಾಳು?

ಚಿಗವ್ವನೇ ಮತ್ತೆ ಅಂದಳು: ‘ಯಾಕ ಕುಂತೀ ಹಂಗ? ಒಡಪ ಹಾಕವಾ. ಒಡಪಿನಾಗ ಹೆಸರ ಹಿಡದ್ರ ನಡೀತೈತಿ. ಒಮ್ಮಿ ಒಡಪ ಹೇಳಿ ಬಾಯಿ ಬಿಟ್ಟಿ ಅಂದ್ರ ಆಮ್ಯಾಲೆ ಕೂಸಿನ ಕಿವ್ಯಾಗ ಹೇಳಾಕ ಏನ ಅಡ್ಡಿ?’

ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವುದೇ ಒಡಪು. ಹೆಂಗಸರೆಲ್ಲ ಮುತ್ತಿಕೊಂಡರು. ‘ಹಾಕ್ರಿ, ಹಾಕ್ರಿ ಒಡಪ.’ ಗಡಹಿಂಗ್ಲಜದ ಒಬ್ಬಾಕೆ ‘ಗಟ್ಟಿ ಹಾಕ್ರಿ, ಪಿಸಿಪಿಸಿ ಅಂದ್ರ ಲೆಕ್ಕಿಲ್ಲ’ ಅಂದಳು. ಅಕ್ಕ ಕಣ್ಣು ಮುಚ್ಚಿ ಕೂತಳು. ತುಟಿ ಅಲುಗಿದವು. ಹಂದರದ ಹೂವಿನ ಮಾಲೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ನಾನು ಚಿಕ್ಕಂದಿನಿಂದ ಎಂದೂ ಕೇಳದ ಒಂದು ದನಿಯಲ್ಲಿ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವಂತೆ ಹೇಳಿದಳು:

‘ಅಂಗಳದಾಗ ಹಂದರ, ಹಂದರದಾಗ ಹೂವಿನ ಮಾಲಿ,
ಭರತರಾಯರ ಹೆಸರ ಹೇಳತೇನಿ, ತೂಗರಿ ತೊಟ್ಟಿಲ ಜೋಲಿ.’

ಹೋ ಅಂತ ನಗೆ ಎದ್ದಿತು. ನಮ್ಮಾಕೆ ಅತ್ತಳು. ಅಕ್ಕ ಬೆವರು ಒರೆಸಿಕೊಂಡಳು, ಏನೋ ಭಾರ ಇಳಿಸಿದವಳ ಹಾಗೆ ನಕ್ಕಳು. ನಗುವಾಗ ಬಾರಸೆ ಮುಗಿದಿಲ್ಲ ಅನ್ನುವುದು ಅವಳಿಗೆ ನೆನಪಾಯಿತು. ತೊಟ್ಟಿಲಿಗೆ ಬಾಗಿದಳು. ‘ಕುರ್ರ್...’ ಅಂದಳು. ಕಿವಿಯಲ್ಲಿ ಮೆತ್ತಗೆ ಹೇಳಬೇಕಿತ್ತು. ಆದರೆ ದನಿ ಒಮ್ಮೆ ಏರಿದ್ದು ಇನ್ನೂ ಇಳಿದಿರಲಿಲ್ಲ. ಪಡಸಾಲೆ ದಾಟಿ, ಅಂಗಳ ದಾಟಿ ಕೇಳುವ ಹಾಗೆ ಕರೆದುಬಿಟ್ಟಳು:

‘ಭರತಾ.’

ಮುಷ್ಟಿಗಳು ಬೆನ್ನಿಗೆ ಬೀಳುವ ಮೊದಲೇ ಗೇಟಿನ ಆಚೆಯಿಂದ ಸದ್ದು ಬಂತು.

‘ಓ.’

ಆಟಕ್ಕೆ ಹೋದ ಹುಡುಗ ಅವ್ವ ಕರೆದಾಗ ಅನ್ನುತ್ತಾನಲ್ಲ, ಅಂಥ ಓ. ಗಾಡಿಯ ಬಾಗಿಲು ತೆರೆದ ಸದ್ದು. ಅಂಗಳದಲ್ಲಿ ಚಪ್ಪಲಿಯ ಸಪ್ಪಳ. ದಾಜಿ ಬಾಗಿಲಲ್ಲಿ ಬಂದು ನಿಂತರು. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. ತಾವು ಯಾಕೆ ಬಂದೆವು ಅನ್ನುವುದು ಅವರಿಗೂ ಅಲ್ಲಿಗೆ ಬಂದಮೇಲೆಯೇ ಹೊಳೆದಂತಿತ್ತು. ನಮ್ಮೆಲ್ಲರ ಮುಖ ನೋಡಿದರು. ನಾವೆಲ್ಲ ಅವರ ಮುಖ ನೋಡಿದೆವು.

‘ಯಾರ ಕರದದ್ದ?’ ಅಂದರು.

ಅಕ್ಕ ತಲೆ ಎತ್ತಲಿಲ್ಲ. ತೊಟ್ಟಿಲಿನೊಳಗೆ ನೋಡುತ್ತಲೇ, ‘ನಾನ’ ಅಂದಳು. ಒಂದು ಸಲ ತೊಟ್ಟಿಲು ತೂಗಿ, ‘ಅಲ್ಲ್ಯಾಕ ನಿಂತ್ರಿ? ಒಳಗ ಬರ್ರಿ’ ಅಂದಳು.

ದಾಜಿ ಚಪ್ಪಲಿ ಬಿಟ್ಟರು. ಇನ್ನೊಂದು ಕಾಲನ್ನೂ ಒಳಗಿಟ್ಟರು.

ಹಗ್ಗ ಹರಿಯಲಿಲ್ಲ. ಕೊಂಡಿ ಕಿತ್ತು ಬರಲಿಲ್ಲ. ಎಮ್ಮೆ ಮೆಲುಕು ಹಾಕುತ್ತ ಕೂತಿತ್ತು. ಇಡೀ ಕಾರ್ಯದಲ್ಲಿ ತಪ್ಪಿದ್ದು ಇಷ್ಟೇ: ಹೆಸರಿಟ್ಟದ್ದು ಕೂಸಿಗೆ, ಓಗೊಟ್ಟದ್ದು ದಾಜಿ. ಕೂಸಿಗೆ ಎಚ್ಚರವೇ ಆಗಲಿಲ್ಲ.